ಹನ್ನೆರಡು ಸೀಸದ ಗುಂಡು

ಆ ಬೆಳಿಗ್ಗೆ ಒಂದು ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಮೋಡ ತಗ್ಗಿ ಬಂದು ಬೀದಿಯ ಸೂರುಗಳ ಮೇಲೆ ಕೂತಂತಿತ್ತು. ಇಂಥ ದಿನ ಊರಿಗೆಲ್ಲ ಮಂಕು, ತಕ್ಕಡಿ ರಿಪೇರಿ ಮಾಡುವವರಿಗೆ ಮಾತ್ರ ಸುಗ್ಗಿ. ಗಾಳಿ ಆಡಿದರೆ ಔಷಧಿ ತೂಗುವ ಸಣ್ಣ ತಕ್ಕಡಿಯ ಮುಳ್ಳು ಹಟಮಾರಿ ಮಗುವಿನ ಹಾಗೆ, ಹೇಳಿದ ಕಡೆ ನಿಲ್ಲುವುದೇ ಇಲ್ಲ.

ತಕ್ಕಡಿ ಅಜ್ಜಿ ಅಂಗಡಿಯ ಬಾಗಿಲು ತೆಗೆದು, ಮೊದಲು ಗಂಡ ಕೂರುತ್ತಿದ್ದ ಸ್ಟೂಲಿನ ಧೂಳು ಒರೆಸಿದಳು. ಅವನು ಹೋಗಿ ಒಂಬತ್ತು ವರ್ಷವಾಗಿದ್ದರೂ ಧೂಳು ಒರೆಸುವುದು ತಪ್ಪಿರಲಿಲ್ಲ. ಆಮೇಲೆ ಗೂಟಕ್ಕೆ ನೇತುಹಾಕಿದ್ದ ದೊಡ್ಡ ತಕ್ಕಡಿಯ ಎರಡು ತಟ್ಟೆಗಳನ್ನೂ ಬರಿದಾಗಿ ಬಿಟ್ಟು, ಮುಳ್ಳು ನಡುವೆ ನಿಲ್ಲುವವರೆಗೆ ಕೈಮುಗಿದು ಕಾದಳು. ದಿನದ ಕಸುಬು ಶುರುವಾಗುತ್ತಿದ್ದದ್ದೇ ಹೀಗೆ. 'ಈ ಕೈಯಿಂದ ಯಾರಿಗೂ ಕೂದಲೆಳೆಯಷ್ಟು ಕಮ್ಮಿ ಆಗದ ಹಾಗೆ ನೋಡಿಕೋ ದೇವರೇ.' ನಲವತ್ತು ವರ್ಷ ಸಲೀಸಾಗಿ ಹೇಳಿಕೊಂಡು ಬಂದ ಮಾತು. ಮೂರು ತಿಂಗಳಿಂದ ಮಾತ್ರ ಅದು ಸಲೀಸಾಗಿ ಬರುತ್ತಿರಲಿಲ್ಲ. ಇವತ್ತು ಅರ್ಧಕ್ಕೇ ನಿಂತಿತು.

ಊರಿನ ಶಾಲೆಯಲ್ಲಿ ಒಂದು ಹೊಸ ಪದ್ಧತಿ ಬಂದಿತ್ತು. ಕೊನೆಯ ವರ್ಷದ ಮಕ್ಕಳು ಒಂದು ಐಚ್ಛಿಕ ವಿಷಯವನ್ನು ಶಾಲೆಯ ಹೊರಗೇ ಕಲಿಯಬಹುದು. ಕಸುಬು ಬಲ್ಲವರ ಹತ್ತಿರ ಅರವತ್ತು ಗಂಟೆ ಕಲಿತು, ಅವರ ಸಹಿ ತಂದರೆ ಆ ವಿಷಯ ಪಾಸಾದಂತೆ. ಐದು ತಿಂಗಳ ಹಿಂದೆ ಮೇಷ್ಟ್ರು ಒಬ್ಬ ಹುಡುಗಿಯನ್ನು ಕರೆತಂದು, "ಅಮ್ಮಾ, ಪುಸ್ತಕದಲ್ಲಿ ಇಲ್ಲದ್ದನ್ನ ಇವಳಿಗೆ ಕಲಿಸಿ. ಆದ್ರೆ ಕಲಿತಷ್ಟಕ್ಕೇ ಸಹಿ ಹಾಕಬೇಕು. ಮುಲಾಜಿಗೆ ಒಂದು ಗಂಟೆ ಜಾಸ್ತಿ ಬರೆಯೋ ಹಾಗಿಲ್ಲ," ಎಂದಿದ್ದರು.

"ತಕ್ಕಡಿ ಅಂಗಡೀಲಿ ನಿಂತ್ಕೊಂಡು ನಂಗೆ ಈ ಮಾತು ಹೇಳ್ತೀರಲ್ಲ ಮೇಷ್ಟ್ರೇ," ಎಂದು ಅಜ್ಜಿ ನಕ್ಕಿದ್ದಳು. ಹೆಚ್ಚು ಬರೆಯಬಾರದು ಎಂದು ಹೇಳಿದ ಮೇಷ್ಟ್ರಿಗೆ, ಕಮ್ಮಿ ಬರೆಯಬಾರದು ಎಂದು ಹೇಳಲು ತೋಚಿರಲಿಲ್ಲ.

ಹುಡುಗಿ ಉದ್ದಕ್ಕೆ, ಸಣ್ಣಕ್ಕೆ ಇದ್ದಳು. ನಿಂತಲ್ಲಿ ನಿಲ್ಲದೆ ಆ ಕಡೆ ಈ ಕಡೆ ತೂಗುತ್ತಿದ್ದಳು. ಅಜ್ಜಿ ಅವಳಿಗೆ ಮೊದಲ ದಿನವೇ 'ಮುಳ್ಳು' ಎಂದು ಹೆಸರಿಟ್ಟಳು. ಪ್ರತಿ ಶನಿವಾರ ಮೂರು ಗಂಟೆ ಹೊತ್ತು ಪಾಠ. ತೂಕದ ಟೊಳ್ಳು ಬಟ್ಟುಗಳನ್ನು ಸರಿಪಡಿಸಲು ಅವುಗಳ ಹೊಟ್ಟೆಗೆ ಹಾಕುವ ಸೀಸದ ಗುಂಡುಗಳು ಅಂಗಡಿಯಲ್ಲಿದ್ದವು. ಒಂದು ಗಂಟೆ ಮುಗಿದರೆ ಅಂಥ ಒಂದು ಗುಂಡು ಬಿಸ್ಕತ್ತಿನ ಡಬ್ಬಿಗೆ. ಕೊನೆಯಲ್ಲಿ ಗುಂಡು ಎಣಿಸುವುದು, ಹಾಳೆಯಲ್ಲಿ ಬರೆದು ಸಹಿ ಹಾಕುವುದು. ಅಜ್ಜಿಗೆ ಗಡಿಯಾರಕ್ಕಿಂತ ಸೀಸದ ಮೇಲೆ ನಂಬಿಕೆ ಹೆಚ್ಚು.

ಎಂಟು ಶನಿವಾರ ಎಲ್ಲ ಸರಿಯಾಗಿಯೇ ನಡೆಯಿತು. ಒಂಬತ್ತನೆಯ ಶನಿವಾರ ಡಬ್ಬಿ ಎತ್ತಿಟ್ಟಾಗ ಅದರ ಸದ್ದು ದಪ್ಪವಾಗಿದ್ದದ್ದು ಅಜ್ಜಿಯ ಕಿವಿಗೆ ಬಿತ್ತು. ಇದು ತುಂಬಿದ ದಿನ ಇವಳು ಹೋಗುತ್ತಾಳೆ. ಆಮೇಲೆ ಮತ್ತೆ ಒಂದೇ ಲೋಟ ಚಹಾ, ತಕ್ಕಡಿಗಳ ಜೊತೆ ಮಾತು, ಯಾರೂ ಕೂರದ ಸ್ಟೂಲು. ಎಲ್ಲರೂ ಕರೆಂಟಿನ ತಕ್ಕಡಿ ಇಟ್ಟುಕೊಂಡ ಮೇಲೆ ವಾರಕ್ಕೆ ಒಬ್ಬ ಗಿರಾಕಿ ಬಂದರೆ ಅದೇ ಹೆಚ್ಚು.

ಆವತ್ತು ಅಜ್ಜಿ ಎರಡು ಲೋಟ ಚಹಾ ಮಾಡಿ, ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದಳು. ಮುಗಿದ ಮೇಲೆ, "ಕೈ ಆಡಿದ ಗಂಟೆಗೆ ಮಾತ್ರ ಗುಂಡು ಕಣೇ ಮುಳ್ಳು. ಬಾಯಿ ಆಡಿದ್ದಕ್ಕಿಲ್ಲ," ಎಂದಳು. ಹುಡುಗಿ ತಲೆಯಾಡಿಸಿದಳು. ಆ ಗಂಟೆಯ ಗುಂಡು ಅಜ್ಜಿಯ ಕನ್ನಡಕದ ಪೆಟ್ಟಿಗೆ ಸೇರಿತು. ಆಮೇಲೆ ಪ್ರತಿ ಶನಿವಾರವೂ ಒಂದೊಂದು.

ಆ ಮಾತುಗಳೇನು ಹರಟೆಯೇ? ತೂಕದ ಬಟ್ಟನ್ನು ಉಗುರಿನಿಂದ ತಟ್ಟಿ ಟೊಳ್ಳೋ ಗಟ್ಟಿಯೋ ಹೇಳುವುದು ಹೇಗೆ, ಬೆರಳಿನ ಜಿಡ್ಡು ಕೂಡ ತೂಗುತ್ತದೆ ಎಂದು ಹಿತ್ತಾಳೆಯನ್ನು ಬಟ್ಟೆಯಲ್ಲೇ ಹಿಡಿಯುವುದೇಕೆ, ತನ್ನ ಗಂಡ ಕಣ್ಣು ಮುಚ್ಚಿ ತಕ್ಕಡಿಯ ದಂಡದ ಸದ್ದಿನಲ್ಲೇ ದೋಷ ಹಿಡಿಯುತ್ತಿದ್ದದ್ದು ಹೇಗೆ. ಹುಡುಗಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು.

ಇಪ್ಪತ್ತು ಶನಿವಾರ ಮುಗಿದವು. ಡಬ್ಬಿಯಲ್ಲಿ ನಲವತ್ತೆಂಟು ಗುಂಡು, ಪೆಟ್ಟಿಗೆಯಲ್ಲಿ ಹನ್ನೆರಡು. ಇವತ್ತು ಸೋಮವಾರ, ಮಧ್ಯಾಹ್ನದೊಳಗೆ ಹಾಳೆ ಶಾಲೆಗೆ ಸೇರಬೇಕು. ಗಂಟೆ ಸಾಲದಿದ್ದರೆ ಮುಂದಿನ ಅವಧಿಯಲ್ಲಿ ಮತ್ತೆ ಮೊದಲಿಂದ ಅರವತ್ತು. ದೂರದ ಊರಿನಲ್ಲಿ ಪ್ರಯೋಗಾಲಯದ ತಕ್ಕಡಿ ಮಾಡಲು ಕಲಿಸುವ ಶಾಲೆಯೊಂದರಲ್ಲಿ ಹುಡುಗಿಗೆ ಸೀಟು ಸಿಕ್ಕಿತ್ತು. ಈ ವಿಷಯ ಪಾಸಾಗದಿದ್ದರೆ ಅದು ಕೈತಪ್ಪುತ್ತದೆ. ಸೀಟಿನ ಕಾಗದವನ್ನು ಅವಳು ಅಜ್ಜಿಗೇ ಮೊದಲು ತೋರಿಸಿದ್ದಳು. 'ಸೀಟೇನು ಓಡಿಹೋಗುತ್ತದಾ, ಮುಂದಿನ ವರ್ಷ ಹೋದರಾಯಿತು,' ಎಂದು ಅಜ್ಜಿ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೋ.

ಹುಡುಗಿ ಶಾಲೆಯ ಬಟ್ಟೆಯಲ್ಲೇ ಬಂದಳು. ಕೈಯಲ್ಲಿ ಹಾಳೆ. ಡಬ್ಬಿಯನ್ನು ಬಗ್ಗಿಸಿ, ಎರಡು ಸಲ ಎಣಿಸಿದಳು.

"ನಲವತ್ತೆಂಟೇ ಅಜ್ಜಿ."

"ಹೂಂ," ಎಂದಳು ಅಜ್ಜಿ.

ಅಷ್ಟರಲ್ಲಿ ತರಕಾರಿಯವನು ತನ್ನ ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು ಬಂದ. "ಅಜ್ಜಿ, ಇದಕ್ಕೆ ಏನೋ ಗ್ರಹಚಾರ. ಗಿರಾಕಿಗಳು ಜಗಳಕ್ಕೇ ಬರ್ತಾರೆ. ನಿನ್ನೆ ಒಬ್ಬಳು ನನ್ನನ್ನೇ ತಟ್ಟೇಲಿ ಕೂರಿಸ್ತೀನಿ ಅಂದಳು."

"ಕೂತಿದ್ರೆ ತಟ್ಟೆ ಮುರಿದಿರೋದು," ಎಂದಳು ಅಜ್ಜಿ. "ಮುಳ್ಳು, ನೀನೇ ನೋಡು."

ಹುಡುಗಿ ತಕ್ಕಡಿಯನ್ನು ಇನ್ನೊಂದು ಗೂಟಕ್ಕೆ ಹಾಕಿದಳು. ತಟ್ಟೆಗಳನ್ನು ಬರಿದಾಗಿ ಬಿಟ್ಟು ಕಾದಳು. ಮುಳ್ಳು ಸರಕಿನ ತಟ್ಟೆಯ ಕಡೆಗೆ ಚೂರು ವಾಲಿ ನಿಂತಿತು. ಅವಳು ಆ ತಟ್ಟೆಯ ಅಡಿಗೆ ಕೈ ಹಾಕಿ ಸವರಿದಳು, ಉಗುರಿನಿಂದ ಕೆರೆದಳು. ಒಣಗಿದ ಅಂಟಿನ ಉಂಡೆಯೊಂದು ಕಿತ್ತು ಬಂತು.

"ಇದನ್ನ ಅಂಟಿಸಿದ್ದು ಯಾರು ಮಾವ?"

ತರಕಾರಿಯವನು ತಲೆ ಕೆರೆದುಕೊಂಡ. "ನನ್ನ ಮಗಳಿರಬೇಕು. ಬಾಯಲ್ಲಿ ಅಗಿದದ್ದನ್ನೆಲ್ಲ ಎಲ್ಲಿ ಬೇಕಲ್ಲಿ ಅಂಟಿಸ್ತಾಳೆ. ನಾನು ಬೇಕಂತ ಮಾಡಿದ್ದಲ್ಲಪ್ಪ. ಮಗು ಆಟಕ್ಕೆ ಮಾಡಿದ್ದು."

"ಆಟಕ್ಕೇ ಮಾಡಿರಲಿ," ಎಂದಳು ಹುಡುಗಿ ತಟ್ಟೆಯನ್ನು ಬಟ್ಟೆಯಿಂದ ಒರೆಸುತ್ತ. "ತಗೊಂಡೋರ ಚೀಲದಲ್ಲಿ ಅಷ್ಟು ಕಮ್ಮಿಯಾಯ್ತಲ್ಲ ಮಾವ. ಅವರು ಅದನ್ನ ಯಾರ ಹತ್ರ ಕೇಳಬೇಕು?"

ಇದು ಅಜ್ಜಿ ಕಲಿಸಿದ ಮಾತೇ. ಹತ್ತನೆಯ ಶನಿವಾರವೋ ಹನ್ನೊಂದನೆಯದೋ, ಚಹಾ ಕುಡಿಯುತ್ತ ಹೇಳಿದ್ದು. ಆ ಗಂಟೆಗೆ ಗುಂಡು ಬಿದ್ದಿರಲಿಲ್ಲ.

ತರಕಾರಿಯವನು, "ಅಜ್ಜಿಗಿಂತ ಮೊಮ್ಮಗಳು ಖಡಕ್ಕು," ಎಂದು ಗೊಣಗುತ್ತ ತಕ್ಕಡಿ ಹೊತ್ತುಕೊಂಡು ಹೋದ. ಮೊಮ್ಮಗಳಲ್ಲ ಎಂದು ಇಬ್ಬರೂ ತಿದ್ದಲಿಲ್ಲ. ಹುಡುಗಿ ಗುಂಡುಗಳನ್ನು ಮತ್ತೆ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಮೊದಲಿನ ಜಾಗದಲ್ಲೇ ಇಟ್ಟಳು.

"ನಲವತ್ತೆಂಟು ಅಂತಲೇ ಬರೀರಿ ಅಜ್ಜಿ. ಸುಳ್ಳು ಬರೆಯೋದು ಬೇಡ. ಸೀಟು ಹೋದರೆ ಹೋಗ್ಲಿ, ಇನ್ನೊಂದು ಸಲ ನೋಡೋಣ." ಅವಳು ಸ್ಟೂಲಿನ ಮೇಲೆ ಕೂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ಮುಖ ಮಾತ್ರ ಎತ್ತಲಿಲ್ಲ. "ಆ ಮಾತಿನ ಗಂಟೆಗಳೇ ನಂಗೆ ಇಷ್ಟ ಇದ್ದದ್ದು. ಲೆಕ್ಕಕ್ಕೆ ಬರದಿದ್ರೂ ಪರವಾಗಿಲ್ಲ."

ಅಜ್ಜಿ ದೊಡ್ಡ ತಕ್ಕಡಿಯತ್ತ ನೋಡಿದಳು. ಗಾಳಿಯಿಲ್ಲದ ದಿನ, ಮುಳ್ಳು ಬೆಳಿಗ್ಗೆ ನಿಂತಲ್ಲೇ ನಿಂತಿತ್ತು. ಮುಂದಿನ ಶನಿವಾರ ಈ ಹೊತ್ತಿಗೆ ಸ್ಟೂಲು ಹೇಗೆ ಕಾಣುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷ ನೋಡಿದ್ದಳಲ್ಲ.

ಹಾಳೆಯನ್ನು ಎಳೆದುಕೊಂಡು, ಕಣ್ಣು ಹತ್ತಿರ ತಂದು, 'ಅರವತ್ತು' ಎಂದು ಅಕ್ಷರದಲ್ಲಿ ಬರೆದು ಸಹಿ ಹಾಕಿದಳು.

"ಅಜ್ಜಿ, ಬೇಡ ಅಂದ್ನಲ್ಲ."

"ಕೈ ಚಾಚು."

ಹುಡುಗಿ ಚಾಚಿದಳು. ಅಜ್ಜಿ ಗಲ್ಲಾದಿಂದ ಕನ್ನಡಕದ ಪೆಟ್ಟಿಗೆ ತೆಗೆದು ಅವಳ ಅಂಗೈ ಮೇಲೆ ಬಗ್ಗಿಸಿದಳು. ಒಂದು ಗುಂಡು ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಪೆಟ್ಟಿಗೆಯ ಬೆನ್ನು ತಟ್ಟಿ, ಬೀಳದಿದ್ದಾಗ ಬೆರಳು ಹಾಕಿ ಬಿಡಿಸಿ, ಅದನ್ನೂ ಉಳಿದವುಗಳ ಜೊತೆ ಇಟ್ಟಳು.