ಅಂತೆ ಇಲ್ಲದ ಹೇಳಿಕೆ

ನಮ್ಮ ಮನೆಯ ಯಾವ ಬಾಗಿಲಿಗೂ ಚಿಲಕವಿಲ್ಲ. ಬಚ್ಚಲಿಗೂ ಇಲ್ಲ, ಒಳಗೆ ಹೋದವರು ಹಾಡುತ್ತಿರಬೇಕು. ನನ್ನಂಥ ಕತ್ತೆ ಕಂಠದವಳೂ ದಿನಾ ಹಾಡುತ್ತಾಳೆಂದರೆ ಅದಕ್ಕೆ ಅಪ್ಪನೇ ಕಾರಣ. ಚಿಲಕ ಕಂಡರೆ ಅವನಿಗೆ ಆಗುವುದಿಲ್ಲ. ಯಾಕೆಂದು ನಾವು ಕೇಳಿದವರಲ್ಲ.

ವಿಶ್ವವಿದ್ಯಾಲಯದ ಭಾಷಾ ವಿಭಾಗದಲ್ಲಿ ಹಳೆಯ ಹೇಳಿಕೆಗಳನ್ನು ಕಂಪ್ಯೂಟರಿನಲ್ಲಿ ಜರಡಿ ಹಿಡಿದು ಪದ ಎಣಿಸುವುದು ನನ್ನ ಕೆಲಸ. ಮೂವತ್ತು ವರ್ಷದ ಹಿಂದೆ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು ಹತ್ತೊಂಬತ್ತು ಹೆಂಗಸರು ಸತ್ತರು. ಹೊಲಿಗೆ ಕೋಣೆಗೆ ಹೊರಗಿನಿಂದ ಬೀಗ ಹಾಕಿತ್ತಂತೆ. ಹಾಕಿದ್ದು ಯಾರೆಂದು ಇಂದಿಗೂ ಗೊತ್ತಿಲ್ಲ. ಆಗ ಬರೆದುಕೊಂಡ ಇನ್ನೂರ ಹನ್ನೆರಡು ಜನರ ಮಾತು ನಮ್ಮ ವಿಭಾಗದಲ್ಲಿದೆ. ಆ ಕಾರ್ಖಾನೆಗಿದ್ದ ಒಬ್ಬನೇ ಕಾವಲುಗಾರ ನಮ್ಮಪ್ಪ. ಆವತ್ತು ರಜೆಯಲ್ಲಿದ್ದನಂತೆ.

ಇಂಥ ಲೆಕ್ಕದಲ್ಲಿ ಚಿಕ್ಕಪುಟ್ಟ ಪದಗಳನ್ನು ಕಸವೆಂದು ಮೊದಲೇ ಗುಡಿಸಿಬಿಡುತ್ತಾರೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ‘ಅಂತೆ’ಯನ್ನೇ ಗುಡಿಸಿದರೆ ಕಂಡವರಿಗೂ ಕೇಳಿದವರಿಗೂ ವ್ಯತ್ಯಾಸ ಉಳಿಯುತ್ತದೆಯೇ? ಹಟ ಹಿಡಿದು ಅದನ್ನೇ ಎಣಿಸಿದೆ. ಸ್ಥಳದಲ್ಲಿರಲಿಲ್ಲ ಎಂದವರೆಲ್ಲ ‘ಹೊಗೆ ಬಂತಂತೆ’, ‘ಕೂಗಿದ್ರಂತೆ’ ಎಂದಿದ್ದರು, ಒಬ್ಬನನ್ನು ಬಿಟ್ಟು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆಯಿಟ್ಟ ನಕ್ಷೆ ತೆರೆಯ ಮೇಲೆ ಮೂಡಿದಾಗ ಅವನ ಚುಕ್ಕೆ ಮಾತ್ರ ದೂರ ನಿಂತಿತ್ತು.

ಒತ್ತಿದೆ. ಹೇಳಿಕೆ ತೆರೆಯಿತು. “ನಾನು ರಜೆ ಇದ್ದೆ. ಹೊರಗಿಂದ ಬೀಗ ಹಾಕಿತ್ತು. ಒಳಗಿಂದ ಬಡೀತಿದ್ರು. ಆಮೇಲೆ ನಿಲ್ಲಿಸಿದ್ರು.” ಕೆಳಗೆ ‘ಕಾವಲುಗಾರ’ ಎಂದಿತ್ತು.

ಮತ್ತೊಮ್ಮೆ ಓದಿದೆ.

“ಒಂದು ಚುಕ್ಕೆ ತಾನೆ, ತೆಗೆದುಬಿಡು. ಏನೋ ತಪ್ಪಾಗಿರುತ್ತೆ” ಎಂದರು ನಮ್ಮ ಮೇಡಂ. ಅದು ನನ್ನಪ್ಪನೆಂದು ಅವರಿಗೆ ಗೊತ್ತಿಲ್ಲ. ತಪ್ಪೇ ಆಗಿರಲಿ ದೇವರೇ ಎಂದುಕೊಂಡು ಮಧ್ಯಾಹ್ನವೇ ಮನೆಗೆ ಹೊರಟೆ.

ಅಪ್ಪ ಪೇಪರ್ ಓದುತ್ತಿದ್ದ.

“ಅಪ್ಪಾ, ಆವತ್ತು ನೀನು ನಿಜವಾಗ್ಲೂ ರಜೆ ಇದ್ಯಾ?”

“ಇದ್ದೆ ಕಣೇ. ಎಷ್ಟು ಸಲ ಹೇಳೋದು?”

“ಮತ್ತೆ ನಿನ್ನ ಹೇಳಿಕೇಲಿ ಒಂದು ಸಲಾನೂ ‘ಅಂತೆ’ ಇಲ್ವಲ್ಲ?”

ಅಪ್ಪ ಪೇಪರನ್ನು ಮಡಿಸಿದ. ಅಂಗೈಯಷ್ಟಾಗುವವರೆಗೆ ಮಡಿಸುತ್ತಲೇ ಇದ್ದ.

“ಬೀಗದ ಕೈ ನನ್ನ ಜೇಬಲ್ಲೇ ಇತ್ತು” ಎಂದ. ಆಮೇಲೆ ನನ್ನ ಮುಖ ನೋಡಿದ. “ಇತ್ತಂತೆ.”

ಬಚ್ಚಲಿಗೆ ಓಡಿದೆ. ಚಿಲಕವಿಲ್ಲದ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತೆ. ಹಾಡಲಿಲ್ಲ.

ಹೊರಗಿನಿಂದ ಅಪ್ಪ ಬಡಿಯತೊಡಗಿದ. “ತೆಗಿ ಪುಟ್ಟಿ. ಬಾಗಿಲು ತೆಗಿ. ತೆಗಿಯೇ…”

ಆಮೇಲೆ ನಿಲ್ಲಿಸಿದ.