ಬೇಲಿಯೊಳಗಿನ ದಂಡೆ

“ಈ ಗೊರಸು ಯಾರದ್ದೋ ಬೋಳಿಮಗನೆ, ನಿಮ್ಮಪ್ಪಂದಾ?”

ಚಂದ್ರಮೋಹನ ಸಾಹೇಬರು ಯಮುನೆಯ ದಂಡೆಯ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಎಮ್ಮೆಯ ಹೆಜ್ಜೆಗೆ ಟೇಪು ಹಿಡಿದಿದ್ದರು. ಬೈಗುಳವೆಲ್ಲ ಕನ್ನಡದಲ್ಲೇ. ಜೊತೆಗಿದ್ದ ದಿಲ್ಲಿಯವರ ಕಡೆ ತಿರುಗಿದರೆ ಅವರ ಬಾಯಲ್ಲಿ ನಾನು ‘ಭಯ್ಯಾ’. ಇಷ್ಟು ಸಭ್ಯರನ್ನು ನಾನು ಕಂಡಿಲ್ಲ.

ಮೊದಲ ಸಲ ಬಂದಾಗ ನನ್ನ ಕನ್ನಡ ಕೇಳಿ ಹಿಗ್ಗಿದ್ದರು. ಮಂಗಳೂರು ಕಡೆಯವನು, ಹೋಟೆಲಿನಲ್ಲಿ ಪಾತ್ರೆ ತೊಳೆದು ಸಾಕಾಗಿ ಇಲ್ಲಿ ಎಮ್ಮೆ ಕಟ್ಟಿದ್ದೇನೆ ಅಂದೆ. ನಮ್ಮವನೇ ಸಿಕ್ಕಿದ, ಇವತ್ತು ನಿನ್ನ ಮನೆಯಲ್ಲೇ ಕಾಫಿ ಅಂದರು. ಹೆಂಡತಿ ಸರಳಾ ಹಾಲು ಕಾಯಿಸಲಿಟ್ಟಳು. ಆಮೇಲೆ ಹೆಸರು ಕೇಳಿದರು. ತನಿಯಪ್ಪ ಅಂದೆ. ಯಾವ ಜನ ಎಂದು ಕೇಳಿದರು, ಹೇಳಿದೆ. ಡಾಕ್ಟರು ಕಾಫಿ ಬಿಡಲು ಹೇಳಿದ್ದು ಆಗ ಅವರಿಗೆ ನೆನಪಾಯಿತು.

ಎಮ್ಮೆ ಮೇಯುವುದರಿಂದ ದಂಡೆ ಕುಸಿಯುತ್ತದೋ ಇಲ್ಲವೋ ಎಂದು ನೋಡುವುದು ಅವರ ಇಲಾಖೆಯ ಕೆಲಸ. ಅದಕ್ಕಾಗಿ ದಂಡೆಯ ಒಂದು ತುಂಡಿಗೆ ತಂತಿ ಬೇಲಿ ಹಾಕಿ ಗೇಟು ಇಟ್ಟರು. ಬೇಲಿಯ ಹೊರಗೆ ಎಮ್ಮೆ ಮೇಯಬಹುದು, ಒಳಗೆ ಕಾಲಿಡುವಂತಿಲ್ಲ. ಮಳೆಗಾಲ ಮುಗಿದ ಮೇಲೆ ಎರಡನ್ನೂ ಹೋಲಿಸುವುದು. ಎಮ್ಮೆಯದೇ ತಪ್ಪೆಂದು ಕಂಡರೆ ನಮ್ಮ ಗುಡಿಸಲು ಇಲ್ಲಿಂದ ಎದ್ದ ಹಾಗೆ. ಬೀಗದ ಕೈಯನ್ನು ನನಗೇ ಕೊಟ್ಟರು. ಪುಕ್ಕಟೆ ಕಾವಲಿಗೆ ಜಾತಿ ಅಡ್ಡ ಬರುವುದಿಲ್ಲ.

ಮಳೆ ಬಂದು ಹೋಯಿತು. ಹೊರಗಿನ ದಂಡೆಯೂ ಅಷ್ಟೇನೂ ಕುಸಿಯಲಿಲ್ಲ. ಬದುಕಿದೆವು ಅಂದುಕೊಂಡೆವು.

ಹೋಲಿಸುವ ದಿನ ದೊಡ್ಡ ಸಾಹೇಬರು ಬರುವವರಿದ್ದರು. ಹೊರಗೆಲ್ಲ ಸೆಗಣಿ, ಶಾಮಿಯಾನಕ್ಕೆ ಚೊಕ್ಕ ಜಾಗ ಇದ್ದದ್ದು ಬೇಲಿಯ ಒಳಗೆ ಮಾತ್ರ. ಚಂದ್ರಮೋಹನರು ನನ್ನಿಂದಲೇ ಗೇಟು ತೆಗೆಸಿ ಸೊಂಟದೆತ್ತರದ ಹುಲ್ಲು ಕೊಯ್ಯಿಸಿದರು. ಮೇಜು, ಕುರ್ಚಿ, ವಡೆ ಸಾಂಬಾರಿನ ಪಾತ್ರೆ ಬಂದವು. ದೊಡ್ಡವರ ಬೂಟಿಗೆ ಕೆಸರು ತಾಗಬಾರದೆಂದು ಕಾರನ್ನು ನೀರಿನ ಅಂಚಿನವರೆಗೂ ಬಿಟ್ಟರು. ಅದು ತಿರುಗುವಾಗ ಚಕ್ರದಡಿಯ ಅಂಚು ಮುರಿದು ನೀರಿಗೆ ಬಿತ್ತು.

ವಡೆ ಮುಗಿಸಿದ ಮೇಲೆ ದೊಡ್ಡವರಿಗೆ ಆ ಕುಸಿತ ಕಣ್ಣಿಗೆ ಬಿತ್ತು. ಇದೇನು ಎಂದರು. ತಾವೇ ಕೂತಿದ್ದ ಕಾರಿನ ಗುರುತು ಅವರಿಗೆ ಹತ್ತಲಿಲ್ಲ. ಈ ಭಯ್ಯಾ ಗೇಟು ತೆಗೆದಿಟ್ಟು ಎಮ್ಮೆ ನುಗ್ಗಿಸಿದ್ದಾನೆ, ನಾಳೆಯೇ ಇವರನ್ನೆಲ್ಲ ಇಲ್ಲಿಂದ ಎಬ್ಬಿಸುತ್ತೇವೆ ಎಂದು ಚಂದ್ರಮೋಹನರು ಹಿಂದಿಯಲ್ಲಿ ಹೇಳಿದರು.

ಆಮೇಲೆ ನನ್ನನ್ನು ಪಕ್ಕಕ್ಕೆ ಎಳೆದರು.

“ಒಂದು ಎಮ್ಮೆ ತಂದು ಅಲ್ಲಿ ತುಳಿಸು. ಗೊರಸಿನ ಫೋಟೋ ಬೇಕು. ಚಲೋ, ಹೊರಡು.”

“ಅದು ಕಾರಿಂದ ಮುರಿದದ್ದಲ್ವಾ ಸರ್?”

“ಕಾರು ಮೇಯುತ್ತೇನೋ ಸೂಳೆಮಗನೆ? ನಾವು ಅಳೀತಿರೋದು ಮೇಯೋದನ್ನ.”

ಆಯಿತು ಎಂದು ಹೊರಗೆ ಬಂದೆ. ಸರಳಾ ಎಮ್ಮೆಯ ಹಗ್ಗ ಹಿಡಿದು ಗೇಟಿನ ಪಕ್ಕದಲ್ಲೇ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಎಮ್ಮೆಯನ್ನು ಒಳಗೆ ಬಿಡಲಿಲ್ಲ. ಗೇಟು ಎಳೆದು ಬೀಗ ಜಡಿದೆ. ಅವಳು ನನ್ನ ಕೈಯಿಂದ ಬೀಗದ ಕೈ ಕಿತ್ತುಕೊಂಡು ಯಮುನೆಯ ನೊರೆಗೆ ಎಸೆದಳು.

ಎಲ್ಲರಿಗೂ ತಿಳಿಯಲೆಂದು ನಾನು ಹಿಂದಿಯಲ್ಲೇ ಹೇಳಿದೆ.

“ಎಮ್ಮೆ ಹೊರಗಿದೆ ಸಾಹೇಬರೇ. ಒಳಗಿರೋರ ಹೆಜ್ಜೆ ಅಳೀರಿ.”

ದೊಡ್ಡವರು ಕಾಫಿ ಲೋಟ ಹಿಡಿದುಕೊಂಡೇ ಗೇಟಿನ ಕಡೆ ತಿರುಗಿದರು. ಚಂದ್ರಮೋಹನರು ತಂತಿಗೆ ಮುಖ ಒತ್ತಿ ನನ್ನ ತಾಯಿಯನ್ನೂ ಜಾತಿಯನ್ನೂ ಹಿಡಿದು ಬೈದರು, ಈ ಸಲ ಹಿಂದಿಯಲ್ಲಿ.