ಇಸ್ಮೆಯ ಶಾರ್ಕ್ ಎಣ್ಣೆ

ಆ ಚಂಡಮಾರುತ ಹುಟ್ಟಿ ಇಪ್ಪತ್ತೆರಡು ದಿನವಾಗಿತ್ತು. ಬೇರೆಯವು ವಾರ ಹತ್ತು ದಿನದಲ್ಲಿ ಕಣ್ಣು ಮುಚ್ಚುತ್ತವೆ. ಇದು ನೆಲದ ಮುಖವನ್ನೇ ನೋಡದೆ ಅಟ್ಲಾಂಟಿಕ್ಕಿನ ನಡುವೆ ಸುತ್ತಿ, ಸೊರಗಿ, ಮತ್ತೆ ಕೊಬ್ಬಿ, ಮೂರನೆಯ ಸಲ ಬರ್ಮುಡಾದತ್ತ ತಿರುಗಿತ್ತು. ಆ ದ್ವೀಪದಲ್ಲೇ ಬೆಳೆದ ಅರವತ್ತೆಂಟು ವರ್ಷದ ಇಸ್ಮೆ ಇಷ್ಟು ಗಟ್ಟಿ ಆಯಸ್ಸಿನ ಗಾಳಿಯನ್ನು ಕಂಡಿರಲಿಲ್ಲ. ಅವಳಿಗೆ ಭಯಕ್ಕಿಂತ ಬೆರಗೇ ಹೆಚ್ಚಾಗಿತ್ತು.

ಬೆರಗಿನಿಂದ ಬಾಯಾರಿಕೆ ತೀರುತ್ತದೆಯೇ? ಮನೆಯಡಿಯ ತೊಟ್ಟಿಯಲ್ಲಿ ಉಳಿದದ್ದು ಗೇಣು ನೀರು. ಬಾವಿಯಿಲ್ಲ, ಹೊಳೆಯಿಲ್ಲ, ಸುಣ್ಣ ಬಳಿದ ಮಾಡಿನ ಮಳೆ ಪೈಪಿನಲ್ಲಿ ಇಳಿದರಷ್ಟೇ ನೀರು. ಗಾಳಿ ಬರುವ ಮುಂಚೆ ಪೈಪಿಗೆ ಬಟ್ಟೆ ತುರುಕಬೇಕು, ಇಲ್ಲದಿದ್ದರೆ ಕಡಲಿನ ಉಪ್ಪುಹನಿ ಮಾಡಿಗೆ ಹಾರಿ ಇದ್ದ ನೀರೂ ಕೆಡುತ್ತದೆ. ತುರುಕಿದರೆ ಮಳೆಯೂ ಪೋಲು.

ತಮ್ಮ ಹೆಜ್ರಾನ್ ಬೇಲಿಯಾಚೆಯಿಂದ ಕೂಗಿದ. "ಅಕ್ಕಾ, ಪೈಪು ಮುಚ್ಚಿದ್ಯಾ? ಇವತ್ತೇ ಬರುತ್ತಂತೆ, ರೇಡಿಯೋದಲ್ಲಿ ಹೇಳಿದ್ರು."

"ನಿನ್ನ ರೇಡಿಯೋ ಮಾತು ಕೇಳಿ ಎರಡು ಸಲ ಮಳೆ ಚೆಲ್ಕೊಂಡೆ. ನಿನ್ನ ಭಾವನ ಬಾಟ್ಲಿ ತಿಳಿಯಾಗಿದೆ ಕಣೋ."

ಸತ್ತ ಗಂಡ ಶಾರ್ಕಿನ ಕೊಬ್ಬನ್ನು ಬಿಸಿಲಿಗೆ ಕರಗಿಸಿ ತುಂಬಿದ್ದ ಎಣ್ಣೆ ಅದು. ಗಾಳಿ ದೂರವಿದ್ದರೆ ತಿಳಿಯಾಗಿರುತ್ತದೆ, ಸಮೀಪಿಸಿದರೆ ಬೆಳ್ಳಗೆ ಕದಡುತ್ತದೆ ಎಂದು ಅಲ್ಲಿಯವರ ನಂಬಿಕೆ.

"ಸತ್ತ ಭಾವ ಬೇಕು, ಬದುಕಿರೋ ತಮ್ಮ ಬೇಡ!"

"ಅವರು ನಿನ್ನಷ್ಟು ಸುಳ್ಳು ಹೇಳ್ತಿರ್ಲಿಲ್ಲ ಬಿಡೋ."

ಅವಳು ಪೈಪಿಗೆ ಮೊದಲೇ ತುರುಕಿದ್ದ ಬಟ್ಟೆಯನ್ನು ಕಿತ್ತಳು. ಮಳೆ ಧೋ ಎಂದು ಸುರಿಯಿತು, ತೊಟ್ಟಿ ಗುಳುಗುಳು ಎಂದಿತು. ಖುಷಿಯಿಂದ ಉಪ್ಪುಮೀನು, ಆಲೂಗಡ್ಡೆ ಬೇಯಲಿಟ್ಟು ಉಪ್ಪಿನ ಡಬ್ಬಿಗೆ ಕೈಚಾಚಿದಾಗ ಬಾಟ್ಲಿ ತಗುಲಿತು. ಬೆಚ್ಚಗಿತ್ತು.

ಗಾಳಿಗೆ ಒಡೆದೀತೆಂದು ಮೊನ್ನೆ ತಾನೇ ಅದನ್ನು ಹೊರಗಿನ ಮೊಳೆಯಿಂದ ಬಿಚ್ಚಿ ಒಲೆಯ ಪಕ್ಕ ಇಟ್ಟಿದ್ದಳು. ಬಿಸಿಗೆ ಎಣ್ಣೆ ತಿಳಿಯಾಗದೆ ಇನ್ನೇನು!

ಓಡಿ ತೊಟ್ಟಿಯ ಮುಚ್ಚಳ ಎತ್ತಿದಳು. ಆಚೆ ಕಡಲು ಬೆಳ್ಳಗೆ ಎದ್ದು ನಿಂತಿತ್ತು. ಅಂಥದ್ದನ್ನು ಅವಳು ನೋಡಿದ್ದೇ ಇಲ್ಲ. ಪೈಪಿನಡಿ ಬೊಗಸೆಯೊಡ್ಡಿದಳು. ನಾಲಿಗೆಗೆ ಮುಟ್ಟಿಸಿದಳು.

ಸಿಹಿ.

ಮಧ್ಯಾಹ್ನ ಹೆಜ್ರಾನ್ ಮಳೆಯಲ್ಲಿ ತೊಯ್ದುಕೊಂಡೇ ಬಂದ. "ತಿರುಗಿಬಿಡ್ತು ಅಕ್ಕಾ! ಮತ್ತೆ ನಡುಕಡಲಿಗೇ ಹೋಯ್ತಂತೆ. ಭಾವನ ಬಾಟ್ಲಿನೇ ಗೆದ್ದಿತಲ್ಲ!"

"ಬಾಟ್ಲಿ ಏನೂ ಹೇಳ್ಲಿಲ್ಲ ಕಣೋ. ನಾನು ಒಲೆ ಮಾತು ಕೇಳಿದ್ದು."

ಅವಳು ಬಾಟ್ಲಿಯನ್ನು ಹೊರಗೆ ಅದರ ಮೊಳೆಗೆ ತೂಗುಹಾಕಿದಳು. ಸ್ವಲ್ಪ ಹೊತ್ತಿನಲ್ಲೇ ಎಣ್ಣೆ ತಳದಿಂದ ಕುತ್ತಿಗೆಯವರೆಗೆ ಹಾಲಿನಂತೆ ಬೆಳ್ಳಗಾಯಿತು. ಹೆಜ್ರಾನ್ ಅದನ್ನು ನೋಡಿದ, ಕಡಲನ್ನು ನೋಡಿದ, ತಾನೇ ಹೋಗಿ ಪೈಪಿಗೆ ಮತ್ತೆ ಬಟ್ಟೆ ತುರುಕಿದ.

ಇಸ್ಮೆ ತೊಟ್ಟಿಯಿಂದ ಎರಡು ಲೋಟ ನೀರು ತಂದಳು. ಇಬ್ಬರೂ ಕಡಲಿಗೆ ಮುಖಮಾಡಿ ನಿಂತೇ ಕುಡಿದರು.